ಟ್ರಂಕಿನ ತಳದ ಕಾಗದ ಕೇಳಿದ ಕಚೇರಿ: ಹುಬ್ಬಳ್ಳಿಯ ಒಂದು ಪಿಂಚಣಿ ಸಲಹಾ ಸೇವೆಯ ಬಗ್ಗೆ

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಯಾವ ಕಚೇರಿಯ ಬಗ್ಗೆ ಬರೆಯಲು ಕುಳಿತಿದ್ದೇನೆಯೋ ಅದೇ ಕಚೇರಿಯಲ್ಲಿ ಈಗ ನನ್ನ ಮಗಳು ಕೆಲಸ ಮಾಡುತ್ತಾಳೆ. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಅವಳು ಅಲ್ಲಿರಲಿಲ್ಲ. ನನ್ನ ಕಾಗದಪತ್ರ ಹಿಡಿದುಕೊಂಡು ಜೊತೆಗೆ ಬಂದವಳು, ಕೆಲವು ತಿಂಗಳ ನಂತರ ಅಲ್ಲಿಯೇ ಸೇರಿಕೊಂಡಳು. ಆದ್ದರಿಂದ ನನ್ನ ಮಾತಿನಲ್ಲಿ ತಾಯಿಯ ಅಭಿಮಾನ ಬೆರೆತಿದ್ದೀತು. ಓದುವವರು ಅದನ್ನು ಕಳೆದು, ಉಳಿದದ್ದನ್ನು ಇಟ್ಟುಕೊಳ್ಳಬೇಕು. ಕಚೇರಿಯ ಹೆಸರನ್ನೂ ಅದನ್ನು ನಡೆಸುವ ಮೇಡಂ ಅವರ ಹೆಸರನ್ನೂ ಇದೇ ಕಾರಣಕ್ಕೆ ಬರೆಯುತ್ತಿಲ್ಲ. ದಾಜಿಬಾನ ಪೇಟೆಯ ಒಂದು ಓಣಿಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಒಂದೇ ಕೋಣೆ ಅದು. ಕೆಳಗೆ ನಿಂತು ಪಿಂಚಣಿ ಮೇಡಂ ಎಲ್ಲಿ ಎಂದು ಕೇಳಿದರೆ ಸಾಕು, ಅಂಗಡಿಯ ಹುಡುಗರು ಮೆಟ್ಟಿಲು ತೋರಿಸುತ್ತಾರೆ.

ನನ್ನ ತವರು ಗದಗ ತಾಲ್ಲೂಕಿನ ಕಣಗಿನಹಾಳ. 1905ರಲ್ಲಿ ದೇಶದ ಮೊಟ್ಟಮೊದಲ ಸಹಕಾರಿ ಸಂಘಗಳಲ್ಲಿ ಒಂದು ಹುಟ್ಟಿದ ಊರು. ಓದಿದ್ದು ಎಸ್‌ಎಸ್‌ಎಲ್‌ಸಿವರೆಗೆ. ಮದುವೆಯಾಗಿ, ಮಗಳು ಹುಟ್ಟಿದ ಮೇಲೆ, 1999ರ ಜೂನ್‌ನಲ್ಲಿ ಗದಗ ಸೀಮೆಯ ಒಂದು ನೂಲಿನ ಗಿರಣಿಯಲ್ಲಿ ಕೋನ್ ಸುತ್ತುವ ವಿಭಾಗಕ್ಕೆ ಸೇರಿದೆ. ಏಳೂವರೆ ವರ್ಷ ದುಡಿದೆ. 2006ರ ನವೆಂಬರ್‌ನಲ್ಲಿ ಗಿರಣಿ ಮುಚ್ಚಿತು. ನಂತರ ಸಂಸಾರ ಹುಬ್ಬಳ್ಳಿಗೆ ಬಂತು. ಯಜಮಾನರು ಹೊಲಿಗೆ ಯಂತ್ರ ಇಟ್ಟುಕೊಂಡರು, ನಾನು ಮನೆಯಲ್ಲಿ ರೊಟ್ಟಿ ಬಡಿದು ಮಾರಿದೆ. 2015ರ ಜೂನ್‌ನಲ್ಲಿ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಒಂದು ಆಹಾರ ಪದಾರ್ಥಗಳ ಘಟಕದಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ಅಲ್ಲಿ ಒಂಬತ್ತು ವರ್ಷ. 2024ರ ಮೇ ಕೊನೆಗೆ ನನಗೆ 58 ತುಂಬಿತು, ಪಿ.ಎಫ್. ಪಿಂಚಣಿಯ ವಯಸ್ಸು. ಶಾಲೆಯ ಮಾಸ್ತರರು ಊರಿನ ಅರ್ಧ ಮಕ್ಕಳಿಗೆ ಬರೆದಂತೆ ನನಗೂ ಜೂನ್ 1 ಎಂದು ಜನ್ಮದಿನ ಬರೆದಿದ್ದರು. ಆ ದಿನಾಂಕಕ್ಕೆ ಇಷ್ಟು ಬೆಲೆ ಇದೆ ಎಂದು ಮಾಸ್ತರರಿಗೆ ಗೊತ್ತಿದ್ದಿರಲಾರದು.

ಕೆಲಸ ಬಿಟ್ಟ ಮೇಲೆ ಪಿ.ಎಫ್. ತೆಗೆಯಲು ಒಬ್ಬ ಏಜೆಂಟರ ಬಳಿ ಹೋದೆ. ಅವರು ಮೊಬೈಲ್‌ನಲ್ಲಿ ನನ್ನ ಖಾತೆ ತೆರೆದು, ಎರಡು ನಿಮಿಷ ನೋಡಿ, ನಿಮ್ಮ ಸೇವೆ ಒಂಬತ್ತು ವರ್ಷ, ಪಿಂಚಣಿಗೆ ಹತ್ತು ವರ್ಷ ಬೇಕು, ನಿಮಗೆ ಪಿಂಚಣಿ ಬರುವುದಿಲ್ಲ ಎಂದರು. 10ಸಿ ಅರ್ಜಿ ಹಾಕಿ, ಪಿ.ಎಫ್. ಜೊತೆ ಪಿಂಚಣಿಗೆಂದು ಬೇರೆಯಾಗಿ ಕೂಡಿಟ್ಟ ಭಾಗದ ಹಣವನ್ನೂ ಒಟ್ಟಿಗೆ ತೆಗೆದುಬಿಡೋಣ, 1 ಲಕ್ಷ 30 ಸಾವಿರದ ಆಸುಪಾಸು ಸಿಗುತ್ತದೆ, ನನಗೆ ನೂರಕ್ಕೆ ಐದು ರೂಪಾಯಿ ಕೊಡಿ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ತೆರೆದ ಖಾತೆಯಲ್ಲಿ ಕಂಡದ್ದು ಒಂಬತ್ತೇ ವರ್ಷ. ನಿಯಮವೂ ಅವರು ಹೇಳಿದಂತೆಯೇ ಇದೆ. ಆದರೆ ಹಣ ಹೊರಗೆ ಬಂದರೆ ಮಾತ್ರ ಅವರಿಗೆ ಗಳಿಕೆ. ಅದು ಒಳಗೇ ಉಳಿದರೆ ಅವರಿಗೆ ಬಿಡಿಗಾಸೂ ಇಲ್ಲ. ಹೀಗಿರುವಾಗ ಮೂರನೆಯ ನಿಮಿಷ ಯಾಕೆ ನೋಡಿಯಾರು? ನಾನು ಒಪ್ಪಿಕೊಂಡೇ ಬಂದಿದ್ದೆ. ತಾರಿಹಾಳದಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು, ಸಹಿ ಹಾಕುವ ಮುಂಚೆ ಒಮ್ಮೆ ಪೇಟೆಯ ಮೇಡಂಗೆ ತೋರಿಸು ಎಂದು ಪಟ್ಟು ಹಿಡಿಯದಿದ್ದರೆ ಅಲ್ಲಿಗೆ ಕತೆ ಮುಗಿದಿತ್ತು.

ಕೋಣೆಯಲ್ಲಿ ಎರಡು ಮೇಜು, ಒಂದು ಬೆಂಚು, ಗೋಡೆಯ ಮೇಲೆ ಶುಲ್ಕದ ಫಲಕ. ಫಲಕ ಕನ್ನಡದಲ್ಲಿದೆ. ಮೊದಲ ಭೇಟಿಗೆ 300 ರೂಪಾಯಿ, ಪಿಂಚಣಿ ಅರ್ಜಿಯನ್ನು ಕೊನೆಯವರೆಗೆ ನೋಡಿಕೊಳ್ಳಲು 1,500 ರೂಪಾಯಿ, ನಾಡಕಚೇರಿಯ ವೃದ್ಧಾಪ್ಯ ವೇತನ ಮತ್ತು ಸಂಧ್ಯಾ ಸುರಕ್ಷಾ ಕುರಿತ ಮಾಹಿತಿಗೆ ಶುಲ್ಕವಿಲ್ಲ. ಅದರ ಕೆಳಗೆ ದಪ್ಪಕ್ಷರದಲ್ಲಿ, ಇಲ್ಲಿ ಯಾವ ಪಾಲಿಸಿಯನ್ನೂ ಮಾರುವುದಿಲ್ಲ ಎಂಬ ಒಂದು ಸಾಲು. ಫಲಕ ಓದಿದ ಮೇಲೆ 300 ಕೊಡಲು ನನ್ನ ಮನಸ್ಸು ಹಿಂದೆಗೆಯಿತು. ಮಾತು ಕೇಳುವುದಕ್ಕೂ ದುಡ್ಡೇ ಎಂದು ಮಗಳ ಕಿವಿಯಲ್ಲಿ ಹೇಳಿದೆ. ಅವಳು ಕೊಟ್ಟುಬಿಟ್ಟಳು.

ಮೇಡಂ ಮೊಬೈಲನ್ನಾಗಲಿ ಕಂಪ್ಯೂಟರನ್ನಾಗಲಿ ಮುಟ್ಟಲಿಲ್ಲ. ಒಂದು ಹಾಳೆ ತೆಗೆದು ಅಡ್ಡಕ್ಕೆ ಗೆರೆ ಎಳೆದರು. "ಅಕ್ಕಾ, ನೀವು ಶಾಲೆ ಬಿಟ್ಟದ್ದು ಯಾವ ವರ್ಷ? ಅಲ್ಲಿಂದ ಇಲ್ಲಿಯವರೆಗೆ ಏನೇನು ಕೆಲಸ ಮಾಡಿದಿರಿ, ಒಂದನ್ನೂ ಬಿಡದೆ ಹೇಳಿ" ಎಂದರು. ಯಾರೂ ನನ್ನನ್ನು ಹಾಗೆ ಕೇಳಿದ್ದಿಲ್ಲ. ಗಿರಣಿಯ ಮಾತು ಬಂದ ಕೂಡಲೇ ಪೆನ್ನು ನಿಂತಿತು.

"ಗಿರಣಿ ಮುಚ್ಚಿದಾಗ ಎಷ್ಟು ಹಣ ಬಂತು, ನೆನಪಿದೆಯೇ?"

"46 ಸಾವಿರ. ಅದರಲ್ಲಿಯೇ ಯಜಮಾನರಿಗೆ ಯಂತ್ರ ತೆಗೆದುಕೊಂಡೆವು."

"ಜೊತೆಗಿದ್ದವರಿಗೂ ಅಷ್ಟೇ ಬಂತೇ?"

"ಕೆಲವರಿಗೆ ನನಗಿಂತ ಇಪ್ಪತ್ತು ಸಾವಿರ ಹೆಚ್ಚು ಬಂತು."

ಮೇಡಂ ಹಾಳೆಯ ಮೂಲೆಯಲ್ಲಿ ಏನೋ ಲೆಕ್ಕ ಹಾಕಿದರು. ನಂತರ ನಿಧಾನವಾಗಿ, "ಹಾಗಾದರೆ ನಿಮ್ಮ ಪಿಂಚಣಿ ಭಾಗ ಹೊರಗೆ ಬಂದಿಲ್ಲ. ಮನೆಯಲ್ಲಿ ಹಳೆಯ ಟ್ರಂಕು ಇದೆಯೇ? ಅದರಲ್ಲಿ ಗಿರಣಿಯ ಕಾಲದ ಕಾಗದ ಏನಿದೆಯೋ ಎಲ್ಲವನ್ನೂ ತನ್ನಿ, ನಿಮಗೆ ಬೇಡವೆನಿಸಿದ್ದನ್ನೂ ತನ್ನಿ" ಎಂದರು.

ಟ್ರಂಕಿನ ತಳದಲ್ಲಿ, ನಮ್ಮ ಲಗ್ನಪತ್ರಿಕೆಯ ಜೊತೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಹಳದಿಗಟ್ಟಿದ ಕಾಗದವಿತ್ತು. ಹದಿನೆಂಟು ವರ್ಷ ಅದನ್ನು ಯಾವುದೋ ರಸೀದಿ ಎಂದುಕೊಂಡಿದ್ದೆ. ಅದರ ಹೆಸರು ಸ್ಕೀಮ್ ಸರ್ಟಿಫಿಕೇಟ್. ನೌಕರರ ಪಿಂಚಣಿ ಯೋಜನೆ, ಅಂದರೆ 1995ರ ನವೆಂಬರ್ 16ರಂದು ಜಾರಿಗೆ ಬಂದ ಇಪಿಎಸ್, ಅದರಲ್ಲಿ ಹತ್ತು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟವರಿಗೆ ಎರಡು ದಾರಿಗಳಿವೆ. ಪಿಂಚಣಿ ಭಾಗವನ್ನು ನಗದಾಗಿ ತೆಗೆದುಕೊಂಡರೆ ಆ ವರ್ಷಗಳು ಅಳಿಸಿಹೋಗುತ್ತವೆ. ನಗದು ಬೇಡವೆಂದು ಈ ಪ್ರಮಾಣಪತ್ರ ಪಡೆದರೆ, ಮುಂದೆ ಯಾವ ಕೆಲಸಕ್ಕೆ ಸೇರಿದರೂ ಆ ವರ್ಷಗಳನ್ನು ಹೊಸ ವರ್ಷಗಳಿಗೆ ಕೂಡಿಸಬಹುದು. ಎರಡಕ್ಕೂ ಅರ್ಜಿ ಒಂದೇ, 10ಸಿ. ಯಾವ ಚೌಕದಲ್ಲಿ ಗುರುತು ಹಾಕುತ್ತೇವೆ ಎಂಬುದಷ್ಟೇ ವ್ಯತ್ಯಾಸ.

ನನಗಾಗಿ ಆ ಗುರುತು ಹಾಕಿದವರು ಗಿರಣಿಯ ಟೈಮ್ ಆಫೀಸಿನ ಒಬ್ಬ ಗುಮಾಸ್ತರು. ಗಿರಣಿ ಮುಚ್ಚುವ ವಾರ ಎಲ್ಲರೂ ಅವರ ಕಿಟಕಿಯ ಮುಂದೆ ಸಾಲುಗಟ್ಟಿದ್ದೆವು. ಪಿಂಚಣಿ ಭಾಗವನ್ನು ತೆಗೆಯಬೇಡಿ ಎಂದು ಅವರು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಕೆಲವರು ಹಟ ಹಿಡಿದು ತೆಗೆಸಿದರು. ನಾನು ಓದದೆ ಸಹಿ ಹಾಕಿ ಮಗಳನ್ನು ಶಾಲೆಯಿಂದ ಕರೆತರಲು ಓಡಿದ್ದೆ. ಹಣ ಬಂದಾಗ ಇಪ್ಪತ್ತು ಸಾವಿರ ಕಡಿಮೆ ಎಂದು ಗೊತ್ತಾಗಿ, ಅವರ ಕಿಟಕಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅವರು ಮರುಮಾತಾಡಲಿಲ್ಲ. "ತಂಗಿ, ಈ ಕಾಗದವನ್ನು ಮಾತ್ರ ಕಳೆಯಬೇಡ. ಮುಂದೆ ಎಲ್ಲಾದರೂ ಸೇರಿದರೆ ಅವರಿಗೆ ಕೊಡು" ಎಂದಷ್ಟೇ ಹೇಳಿದ್ದರು. ಕಳೆಯಲಿಲ್ಲ, ಆದರೆ ಕೊಡುವುದನ್ನು ಮರೆತೆ. ಅವರ ಮನೆ ಬೆಟಗೇರಿಯಲ್ಲಿತ್ತು ಎಂಬುದರ ಹೊರತು ನನಗೆ ಅವರ ಬಗ್ಗೆ ಏನೂ ಗೊತ್ತಿಲ್ಲ. ಕಳೆದ ವರ್ಷ ಎರಡು ಸಲ ಹೋಗಿ ವಿಚಾರಿಸಿದೆ. ಮನೆ ಸಿಗಲಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಮೇಡಂ ಅದನ್ನು ನನ್ನ ಎದುರಿಗೇ ಹಾಳೆಯ ಮೇಲೆ ಮಾಡಿ ತೋರಿಸಿದರು. ಪಿಂಚಣಿಗೆ ಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳವೆಂದರೆ ಕೊನೆಯ 60 ತಿಂಗಳ ಸರಾಸರಿ. 2014ರ ಸೆಪ್ಟೆಂಬರ್‌ಗಿಂತ ಹಿಂದಿನ ಸೇವೆಗೆ ಅದರ ಮಿತಿ 6,500, ಆಮೇಲಿನದಕ್ಕೆ 15,000. ನನ್ನ ಸರಾಸರಿ 14,000. ಗಿರಣಿಯ ಏಳೂವರೆ ವರ್ಷಕ್ಕೆ 700 ರೂಪಾಯಿಯ ಹತ್ತಿರ, ತಾರಿಹಾಳದ ಒಂಬತ್ತು ವರ್ಷಕ್ಕೆ 1,800. ಒಟ್ಟು ತಿಂಗಳಿಗೆ ಎರಡೂವರೆ ಸಾವಿರದ ಹತ್ತಿರ, ನಾನು ಬದುಕಿರುವವರೆಗೆ. ನಾನು ಮೊದಲು ಹೋದರೆ ಯಜಮಾನರಿಗೆ ಅದರ ಅರ್ಧ. ಏಜೆಂಟರು ಹೇಳಿದ 1 ಲಕ್ಷ 30 ಸಾವಿರವನ್ನು ಎರಡೂವರೆ ಸಾವಿರದಿಂದ ಭಾಗಿಸಿ, "52 ತಿಂಗಳು. ನಾಲ್ಕು ವರ್ಷ ನಾಲ್ಕು ತಿಂಗಳಿಗಿಂತ ಹೆಚ್ಚು ಬದುಕುವ ಆಸೆ ನಿಮಗಿದ್ದರೆ ಪಿಂಚಣಿ ತೆಗೆದುಕೊಳ್ಳಿ" ಎಂದರು. ನನ್ನ ಅವ್ವ 84 ವರ್ಷ ಬದುಕಿದವಳು.

ಎರಡೂವರೆ ಸಾವಿರ ದೊಡ್ಡ ಮೊತ್ತವಲ್ಲ ಎಂದು ನನಗೂ ಗೊತ್ತು. ಆ ಬೆಂಚಿನ ಮೇಲೆ ಕುಳಿತು ಕಾಯುವವರಲ್ಲಿ, 2014ರಲ್ಲಿ ನಿಗದಿಯಾದ 1,000 ರೂಪಾಯಿಯ ಕನಿಷ್ಠ ಪಿಂಚಣಿಯಲ್ಲಿಯೇ ತಿಂಗಳು ನೂಕುವವರು ಬಹಳ ಜನ. ಆದರೆ ಕೈಗೆ ಬಂದ ಲಕ್ಷ ರೂಪಾಯಿ ನಮ್ಮಂಥವರ ಮನೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ? ಒಂದು ಮದುವೆ, ಒಂದು ಆಪರೇಷನ್, ಇಲ್ಲವೇ ತಮ್ಮನ ಸಾಲಕ್ಕೆ ಕರಗುತ್ತದೆ. ತಿಂಗಳಿಗೆ ಎರಡೂವರೆ ಸಾವಿರ ಕರಗುವುದಿಲ್ಲ. ನನ್ನ ಬಿ.ಪಿ. ಮಾತ್ರೆ, ಯಜಮಾನರ ಕನ್ನಡಕ, ಗ್ಯಾಸ್ ಸಿಲಿಂಡರ್, ಇವುಗಳಿಗಾಗಿ ನಾನು ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ.

ಅರ್ಜಿಯ ಕೆಲಸ ಸುಲಭವಾಗಿ ಆಗಲಿಲ್ಲ. ಗಿರಣಿಯ ಪ್ರಮಾಣಪತ್ರದಲ್ಲಿ ನನ್ನ ತವರಿನ ಅಡ್ಡಹೆಸರಿತ್ತು, ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು. ನಮ್ಮ ಭಾಗದ ಹೆಣ್ಣುಮಕ್ಕಳ ಪಿಂಚಣಿ ಕಡತಗಳಲ್ಲಿ ಅರ್ಧಕ್ಕರ್ಧ ಸಿಕ್ಕಿಕೊಳ್ಳುವುದು ಇಲ್ಲಿಯೇ ಎಂದು ಮೇಡಂ ಹೇಳಿದರು. ಶಾಲೆಯ ದಾಖಲೆ, ಮದುವೆಯ ದಾಖಲೆ, ಅಫಿಡವಿಟ್ ಎಲ್ಲವನ್ನೂ ಜೋಡಿಸಿ, ಹೆಸರು ತಿದ್ದಲು ನೌಕರರೂ ಮಾಲೀಕರೂ ಕೂಡಿ ಕೊಡುವ ಜಂಟಿ ಘೋಷಣೆಗೆ ತಾರಿಹಾಳದ ಘಟಕದಿಂದ ಸಹಿ ಮಾಡಿಸಿ, ನಂತರ ಪಿಂಚಣಿ ಕೇಳುವ 10ಡಿ ಅರ್ಜಿ, ಗಂಡ ಹೆಂಡತಿ ಜೋಡಿಯಾಗಿರುವ ಫೋಟೊ, ಪಾಸ್‌ಬುಕ್ಕಿನ ಪ್ರತಿ, ಮೂಲ ಪ್ರಮಾಣಪತ್ರ. ಮೂವತ್ತು ವರ್ಷಗಳ ನಂತರ ನಾವಿಬ್ಬರೂ ಸ್ಟುಡಿಯೊಗೆ ಹೋಗಿ ಒಟ್ಟಿಗೆ ಫೋಟೊ ತೆಗೆಸಿಕೊಂಡದ್ದು ಪಿಂಚಣಿಗಾಗಿ. ಅದರ ದೊಡ್ಡ ಪ್ರತಿಯೊಂದು ಈಗ ಮನೆಯ ಗೋಡೆಯ ಮೇಲಿದೆ.

ಇಲ್ಲಿ ನನ್ನ ಮೊದಲ ದೂರು. ಮೂರು ತಿಂಗಳಲ್ಲಿ ಆಗುತ್ತದೆ ಎಂದು ಮೇಡಂ ಹೇಳಿದ್ದರು. ಏಳು ತಿಂಗಳಾಯಿತು. ಹೆಸರಿನ ತಿದ್ದುಪಡಿ ಇರುವ ಕಡತಕ್ಕೆ ಸಮಯ ಹಿಡಿಯುತ್ತದೆ ಎಂದು ಅಷ್ಟು ವರ್ಷದ ಅನುಭವವಿರುವ ಅವರಿಗೆ ಗೊತ್ತಿರಲೇಬೇಕು. ಗೊತ್ತಿದ್ದೂ ಧೈರ್ಯ ತುಂಬಲೆಂದು ಕಡಿಮೆ ಹೇಳಿದ್ದರೆ ಅದು ತಪ್ಪು. ನಾನು ಮೂರು ತಿಂಗಳನ್ನು ನಂಬಿ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿದ್ದೆ. 2025ರ ಫೆಬ್ರವರಿಯಲ್ಲಿ ಹಿಂಬಾಕಿ ಸಹಿತ ಹಣ ಬಂದಾಗ ಆ ಉದ್ರಿ ತೀರಿತು, ಆದರೆ ನಡುವಿನ ನಾಲ್ಕು ತಿಂಗಳು ಅಂಗಡಿಯ ಮುಂದೆ ತಲೆ ತಗ್ಗಿಸಿ ನಡೆದೆ. ಇದನ್ನು ಅವರ ಮುಖದೆದುರೇ ಹೇಳಿದ್ದೇನೆ. ಈಗ ತಿದ್ದುಪಡಿ ಇರುವವರಿಗೆ ಆರರಿಂದ ಎಂಟು ತಿಂಗಳು ಎಂದೇ ಹೇಳುತ್ತಾರೆ.

ಉಳಿದ ದೂರುಗಳು ಚಿಕ್ಕವು. ಮೆಟ್ಟಿಲು ಕಡಿದಾಗಿದೆ, ಹಿಡಿಕೆ ಒಂದೇ ಕಡೆ. ಪಿಂಚಣಿ ಕೇಳಲು ಬರುವವರೆಲ್ಲ ವಯಸ್ಸಾದವರು ಎಂಬುದನ್ನು ನೆನೆದರೆ ಇದು ಅಷ್ಟು ಚಿಕ್ಕದೂ ಅಲ್ಲ. ಮೊಣಕಾಲು ನೋವಿರುವವರು ಕೆಳಗಿನಿಂದ ಫೋನ್ ಮಾಡಿದರೆ ಯಾರಾದರೂ ಇಳಿದು ಬಂದು ಪಾತ್ರೆ ಅಂಗಡಿಯ ಕಟ್ಟೆಯ ಮೇಲೆಯೇ ಕುಳಿತು ಮಾತಾಡುತ್ತಾರೆ. ಫೋನ್ ಮಾತ್ರ ಮೂರು ಸಲ ಮಾಡಿದರೆ ಒಮ್ಮೆ ಎತ್ತುತ್ತಾರೆ. ತಿಂಗಳ 10ರಿಂದ 15ರವರೆಗೆ ಹೋಗಲೇಬೇಡಿ. ಕೆಲವು ಸಣ್ಣ ಕಾರ್ಖಾನೆಗಳ ಪಿ.ಎಫ್. ಲೆಕ್ಕವನ್ನೂ ಈ ಕಚೇರಿ ನೋಡಿಕೊಳ್ಳುತ್ತದೆ. 15ನೇ ತಾರೀಖಿನೊಳಗೆ ಹಣ ತುಂಬಬೇಕಾದ್ದರಿಂದ ಆ ದಿನಗಳಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಕೋಣೆಯ ಬಾಡಿಗೆ ಹುಟ್ಟುವುದು ಆ ಕೆಲಸದಿಂದಲೇ. ನಮ್ಮ 300 ರೂಪಾಯಿಗಳಿಂದ ಪೇಟೆಯಲ್ಲಿ ಕೋಣೆ ನಡೆಯುವುದಿಲ್ಲ.

ಇನ್ನು ಮಗಳ ವಿಷಯ.

ಅವಳು ಬಿ.ಕಾಂ. ಮುಗಿಸಿ ಒಂದು ಸಾಲ ಕೊಡುವ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು. 18 ಸಾವಿರ ಸಂಬಳ, ಗುರಿ ಮುಟ್ಟಿದರೆ ಮೇಲೆ ಒಂದಷ್ಟು. ದಿನಕ್ಕೆ ನೂರಾರು ಫೋನ್. ಸಂಜೆ ಮನೆಗೆ ಬಂದರೆ ನಮ್ಮ ಜೊತೆಗೂ ಮಾತಾಡಲು ಅವಳಲ್ಲಿ ಮಾತು ಉಳಿದಿರುತ್ತಿರಲಿಲ್ಲ. ನನ್ನ ಕಡತಕ್ಕಾಗಿ ಮೇಡಂ ಬಳಿ ಓಡಾಡುವಾಗ ಅವಳು ಕೇಳುತ್ತಿದ್ದ ಪ್ರಶ್ನೆಗಳು ನನ್ನ ಪಿಂಚಣಿಯನ್ನು ದಾಟಿ ಹೋಗುತ್ತಿದ್ದವು. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ದಾಖಲಿಸದಿದ್ದರೆ ಏನಾಗುತ್ತದೆ? ಒಬ್ಬರಿಗೆ ಎರಡು ಯುಎಎನ್, ಅಂದರೆ ಎರಡು ಪಿ.ಎಫ್. ಸಂಖ್ಯೆ ಇದ್ದರೆ? ವಿಧವೆ ಮರುಮದುವೆಯಾದರೆ ಮಕ್ಕಳ ಪಿಂಚಣಿ ಯಾರಿಗೆ? ನಾಲ್ಕನೆಯ ಸಲ ಮೇಡಂ ನಕ್ಕು, ಶನಿವಾರ ಬಂದು ಪಕ್ಕದಲ್ಲಿ ಕುಳಿತುಕೋ ಎಂದರು. ಎಂಟು ಶನಿವಾರ ಕುಳಿತಳು. ಒಂಬತ್ತನೆಯ ವಾರ ಕಂಪನಿಗೆ ರಾಜೀನಾಮೆ ಕೊಟ್ಟು ಬಂದಳು.

ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಇಲ್ಲಿ ಸಿಗುತ್ತಿದ್ದುದು 13 ಸಾವಿರ. ಸೇವೆಯನ್ನು ಹೊಗಳುವುದು ಬೇರೆ, ಅದಕ್ಕೆ ಮಗಳ ಐದು ಸಾವಿರ ಬಿಟ್ಟುಕೊಡುವುದು ಬೇರೆ. ಮೇಡಂ ಮನೆಗೇ ಬಂದರು. ನನ್ನನ್ನು ಒಪ್ಪಿಸಲು ಸಿಹಿ ಮಾತು ಆಡಲಿಲ್ಲ. ಎರಡು ವರ್ಷ ಕಷ್ಟ, ಕಾಗದ ಓದುವುದನ್ನು ಕಲಿಯಲು ಅಷ್ಟು ಬೇಕು, ಆಮೇಲೆ ಈ ವಿದ್ಯೆಯನ್ನು ಅವಳಿಂದ ಯಾರೂ ಕಸಿಯಲಾರರು ಎಂದರು. ಷೇರುಪೇಟೆ ನಿಯಂತ್ರಕ ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ನಿವೃತ್ತಿ ಸಲಹೆಗಾರರ ಪರೀಕ್ಷೆ ಬರೆಯಬೇಕು, ಪಿಂಚಣಿ ನಿಧಿ ಪ್ರಾಧಿಕಾರವು ನಿವೃತ್ತಿ ಸಲಹೆಗಾರರಿಗೆಂದೇ 2016ರಲ್ಲಿ ನಿಯಮಗಳನ್ನು ಮಾಡಿದೆ, ಆ ದಾರಿಯಲ್ಲಿ ಹೋದರೆ ಅವಳು ತನ್ನದೇ ಫಲಕ ಹಾಕಬಹುದು ಎಂದರು. ಈಗ ಸಂಬಳ 17 ಸಾವಿರಕ್ಕೆ ಬಂದಿದೆ. ಹಳೆಯ ಕಂಪನಿಯ ಗೆಳತಿಯರು ಅವಳಿಗಿಂತ ಹೆಚ್ಚು ಗಳಿಸುತ್ತಾರೆ. ಇದನ್ನು ಮುಚ್ಚಿಟ್ಟು ನಾಲ್ಕು ಒಳ್ಳೆಯ ಮಾತು ಬರೆದರೆ ಈ ಕೆಲಸಕ್ಕೆ ಬರಬೇಕೆಂದಿರುವ ಹುಡುಗ ಹುಡುಗಿಯರಿಗೆ ಮೋಸ ಮಾಡಿದಂತೆ.

ಆದರೆ ಸಂಜೆ ಬಂದು ಅವಳು ಹೇಳುವ ಸಂಗತಿಗಳಿವೆಯಲ್ಲ, ಅವು ಬದಲಾಗಿವೆ. ಒಂದು ದಿನ ಧಾರವಾಡದ ಶಿಕ್ಷಕಿಯೊಬ್ಬರು ಬಂದಿದ್ದರಂತೆ. ರಾಜ್ಯ ಸರಕಾರದ ನೌಕರರಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್, ಅಂದರೆ ಖಾತೆಯಲ್ಲಿ ಕೂಡಿದ ಹಣದ ಮೇಲೆ ಪಿಂಚಣಿ ಕೊಡುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಒಂದೇ ಶಾಲೆ, ಒಂದೇ ಕೊಠಡಿ, ಕೆಲವು ತಿಂಗಳ ಅಂತರದಲ್ಲಿ ಸೇರಿದ ಇಬ್ಬರ ಮುಪ್ಪು ಎರಡು ಥರ. ಆ ಶಿಕ್ಷಕಿ ತಮ್ಮ ಎನ್‌ಪಿಎಸ್ ಖಾತೆಯಲ್ಲಿ ನಾಮಿನಿಯಾಗಿ ತೀರಿಹೋದ ತಂದೆಯ ಹೆಸರು ಇರುವುದನ್ನು ಮೊದಲ ಸಲ ನೋಡಿದ್ದು ನಮ್ಮ ಮಗಳ ಮೇಜಿನ ಮುಂದೆ. ಮತ್ತೊಂದು ದಿನ ಬೆಟಗೇರಿಯಿಂದ ಬಂದ 44 ವರ್ಷದ ನೇಕಾರರು ಅಟಲ್ ಪಿಂಚಣಿ ಬೇಕೆಂದು ಕೇಳಿದರು. ಅದಕ್ಕೆ ಸೇರುವ ವಯಸ್ಸು 18ರಿಂದ 40. ಅವರ ಮುಖ ಬಾಡಿದ್ದನ್ನು ಕಂಡು ಏನು ಹೇಳಲಿ ಎಂದು ಮಗಳಿಗೆ ತೋಚಲಿಲ್ಲ. ಮೇಡಂ ಎದ್ದು ಬಂದು, ಎನ್‌ಪಿಎಸ್‌ಗೆ ಈ ವಯಸ್ಸಿನಲ್ಲೂ ಸೇರಬಹುದು, ಆದರೆ ಅದರಲ್ಲಿ ಇಷ್ಟೇ ಬರುತ್ತದೆ ಎಂಬ ಖಾತರಿ ಇಲ್ಲ, ಮಾರುಕಟ್ಟೆ ಏರಿಳಿದಂತೆ ಅದೂ ಏರಿಳಿಯುತ್ತದೆ ಎಂದು ಬಿಡಿಸಿ ಹೇಳಿ, ಮನೆಗೆ ಹೋಗಿ ಹದಿನೈದು ದಿನ ಯೋಚಿಸಿ ಬನ್ನಿ ಎಂದು ಕಳಿಸಿದರು. ಬೆಂಚಿನ ಕೊನೆಯಲ್ಲಿ ಕುಳಿತಿದ್ದ ಅವರ ಮಗನ ವಯಸ್ಸು ಕೇಳಿದರು. ಹದಿನೆಂಟು. 60ರ ನಂತರ ತಿಂಗಳಿಗೆ 5,000 ಬರಲು ಆ ಹುಡುಗ ಈಗ ಕಟ್ಟಬೇಕಾದದ್ದು ತಿಂಗಳಿಗೆ 210 ರೂಪಾಯಿ. 30ಕ್ಕೆ ಆರಂಭಿಸಿದರೆ 577, 40ಕ್ಕೆ 1,454. ತಂದೆ ತನಗೆಂದು ಬಂದವರು ಮಗನ ಫಾರ್ಮ್ ತುಂಬಿಸಿಕೊಂಡು ಹೋದರು.

ಆಗಲೂ ಮೇಡಂ ಒಂದು ಮಾತು ಸೇರಿಸಿದರಂತೆ. 42 ವರ್ಷದ ನಂತರದ 5,000 ಇಂದಿನ 5,000 ಆಗಿರುವುದಿಲ್ಲ, ಇದೊಂದನ್ನೇ ನಂಬಿ ಕೂರಬೇಡ, ಕೈಯಲ್ಲಿ ಕಸುಬಿರಲಿ. ಫಾರ್ಮ್ ತುಂಬಿಸುವ ಜಾಗದಲ್ಲಿ ಫಾರ್ಮಿನ ಕೊರತೆಯನ್ನೂ ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಓಣಿಯ 67 ವರ್ಷದ ಅಜ್ಜಿಯೊಬ್ಬರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಯಾವ ಪಿ.ಎಫ್. ಇಲ್ಲ, ಜೀವನಪೂರ್ತಿ ಕೂಲಿ. ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದವರಿಗೆ, ತಿಂಗಳಿಗೆ 1,200 ರೂಪಾಯಿ, ಅರ್ಜಿ ನಾಡಕಚೇರಿಯಲ್ಲಿ, ಅದಕ್ಕೆ ನಡುವೆ ಯಾರಿಗೂ ದುಡ್ಡು ಕೊಡಬೇಡಿ ಎಂದು ಹೇಳಿ, ಬೇಕಾದ ಕಾಗದಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ಅಜ್ಜಿಗೆ ಓದಲು ಬರುವುದಿಲ್ಲ ಎಂದೆ. ನಾಡಕಚೇರಿಯವರಿಗೆ ತೋರಿಸಲಿ ಎಂದು ಬರೆದದ್ದು ಎಂದರು. 300 ಕೊಡಲು ಹೋದೆ, ಫಲಕ ತೋರಿಸಿದರು.

ಈ ಕೆಲಸಕ್ಕೆ ಯಾರು ಹೊಂದುತ್ತಾರೆ ಎಂದು ನನ್ನನ್ನು ಕೆಲವು ತಾಯಂದಿರು ಕೇಳಿದ್ದಾರೆ. ಲೆಕ್ಕ ಬರಬೇಕು, ಅದು ಸರಿ. ಆದರೆ ಮಗಳನ್ನು ನೋಡಿದ ಮೇಲೆ ನನಗೆ ಅನಿಸಿದ್ದು, ಲೆಕ್ಕಕ್ಕಿಂತ ಮೊದಲು ಬೇಕಾದದ್ದು ಎದುರಿಗಿರುವವರ ಬದುಕಿನ ಬಗ್ಗೆ ನಿಜವಾದ ಕುತೂಹಲ. ಏಜೆಂಟರು ಖಾತೆ ನೋಡಿದರು, ಮೇಡಂ ನನ್ನನ್ನು ಕೇಳಿದರು. ಅದಕ್ಕೂ ಮೊದಲು ಎಲ್ಲಾದರೂ ದುಡಿದಿದ್ದೀರಾ ಎಂಬ ಒಂದು ಪ್ರಶ್ನೆಯಲ್ಲಿ ನನ್ನ ಏಳೂವರೆ ವರ್ಷ ಮರಳಿ ಬಂತು. ಎರಡನೆಯದು, ಬೇಡ ಎಂದು ಹೇಳುವ ಗಟ್ಟಿತನ. ಹಣ ತೆಗೆಯಲು ಬಂದವರಿಗೆ ತೆಗೆಯಬೇಡಿ ಎನ್ನುವುದು ಸುಲಭವಲ್ಲ. ಅವರ ಮನೆಯಲ್ಲಿ ಅಂದೇ ಹಣದ ಅಡಚಣೆ ಇರುತ್ತದೆ, ಸಿಟ್ಟು ಬರುತ್ತದೆ, ನಾನು ಆ ಗುಮಾಸ್ತರನ್ನು ಬೈದಂತೆ ಬೈಯುತ್ತಾರೆ. ಮಗಳನ್ನೂ ಕಳೆದ ತಿಂಗಳು ಒಬ್ಬರು ಬೈದು ಹೋದರು. ಅವಳು ಅತ್ತುಕೊಂಡು ಮನೆಗೆ ಬಂದಳು. ಆಗ ನಾನು ಅವಳಿಗೆ ಗಿರಣಿಯ ಕಿಟಕಿಯ ಸಂಗತಿಯನ್ನು ಮೊದಲ ಬಾರಿಗೆ ಪೂರ್ತಿ ಹೇಳಿದೆ. ಅವತ್ತು ಶಾಲೆಯಿಂದ ಅವಳನ್ನು ಕರೆತರುವ ಅವಸರದಲ್ಲಿ ನಾನು ಓದದೆ ಸಹಿ ಹಾಕಿದ್ದನ್ನೂ ಹೇಳಿದೆ.

ಅವಳು ಕಣ್ಣೊರೆಸಿಕೊಂಡು ಕೇಳಿದ್ದು, "ಆ ಗುಮಾಸ್ತರು ಎಷ್ಟು ಜನರಿಗೆ ಹಾಗೆ ಗುರುತು ಹಾಕಿರಬಹುದು ಅವ್ವಾ?" ನನಗೆ ಗೊತ್ತಿರಲಿಲ್ಲ. ಈಗ ಅವಳು ಆ ಗಿರಣಿಯಲ್ಲಿ ದುಡಿದ ಹೆಣ್ಣುಮಕ್ಕಳ ಹೆಸರುಗಳನ್ನು ನನ್ನಿಂದ ನೆನಪು ಮಾಡಿಸಿ ಬರೆದುಕೊಳ್ಳುತ್ತಿದ್ದಾಳೆ. ಹನ್ನೊಂದು ಹೆಸರಾಗಿವೆ. ನಾಲ್ವರ ಮನೆ ಸಿಕ್ಕಿದೆ. ಅವರಲ್ಲಿ ಇಬ್ಬರ ಮನೆಯಲ್ಲಿ ಅದೇ ಹಳದಿ ಕಾಗದ ಇತ್ತು. ಒಬ್ಬಳು ಅದನ್ನು ದೇವರ ಜಗಲಿಯ ಮೇಲಿನ ಫೋಟೊದ ಹಿಂದೆ ಸಿಕ್ಕಿಸಿಟ್ಟಿದ್ದಳು. ಅವಳಿಗೆ ಈಗ 61. ಕಡತ ಕಳೆದ ವಾರ ಹೋಗಿದೆ.

ಹೋಗುವವರಿಗೆ: ಭಾನುವಾರ ರಜೆ, ಉಳಿದ ದಿನ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಆರರವರೆಗೆ. ಧಾರವಾಡದ ಕಡೆಯಿಂದ ಬರುವವರು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ಅಲ್ಲಿಂದ ಆಟೊ ಹಿಡಿಯಬಹುದು. ಆಧಾರ್, ಪಾಸ್‌ಬುಕ್, ಸಂಬಳದ ಚೀಟಿ ಜೊತೆಗಿರಲಿ. ಪಿಂಚಣಿದಾರರು ಬದುಕಿದ್ದಾರೆ ಎಂದು ತೋರಿಸುವ ಜೀವನ ಪ್ರಮಾಣಪತ್ರ ಮಾಡಿಸುವವರು ಪಿಂಚಣಿ ಆದೇಶದ ಸಂಖ್ಯೆ ತರಬೇಕು, ಬೆರಳಚ್ಚು ಸವೆದವರಿಗೆ ಮುಖ ತೋರಿಸಿಯೂ ಮಾಡಿಕೊಡುತ್ತಾರೆ. ಮತ್ತು ಟ್ರಂಕು, ಕಪಾಟು, ಫೋಟೊಗಳ ಹಿಂದೆ ಎಲ್ಲವನ್ನೂ ಒಮ್ಮೆ ನೋಡಿ ಬನ್ನಿ. ಬಾಗಿಲ ಬಲಗಡೆಯ ಮೇಜಿನವಳು ಮೊದಲು ಅದನ್ನೇ ಕೇಳುತ್ತಾಳೆ.